ತೆರೆ ಮೇಲಿನ ಅಂಕಿ, ತೆರೆ ಹಿಂದಿನ ಲೆಕ್ಕ

ಚುನಾವಣೆ ಬಂತು ಅಂದ್ರೆ ನಮ್ಮ ಸ್ಟುಡಿಯೋಗಳಲ್ಲಿ ಅಂಕಿಗಳ ಜಾತ್ರೆ. ನೀವು ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತಿರ್ತೀರಿ, ನಾನು ಇಲ್ಲಿಂದ ಯಾರಿಗೆ ಎಷ್ಟು ಸೀಟು ಅಂತ ಓದ್ತಾ ಇರ್ತೀನಿ. ಆ ಅಂಕಿ ಹುಟ್ಟೋದು ಹೇಗೆ? ಇವತ್ತು ಅದರ ಬಗ್ಗೆ ಮಾತಾಡೋಣ.

2024ರ ಜೂನ್ 1ರ ಸಂಜೆ ನೆನಪಿದೆಯಲ್ಲ? ಬಹುತೇಕ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸೀಟು ಕೊಟ್ಟವು. ಅದನ್ನು ನಂಬಿ ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶ ಜಿಗಿಯಿತು. ಜೂನ್ 4ರಂದು ಎಣಿಕೆ ನಡೆದಾಗ ಬಂದಿದ್ದು 293. ಸೆನ್ಸೆಕ್ಸ್ ಒಂದೇ ದಿನ 4,300ಕ್ಕೂ ಹೆಚ್ಚು ಅಂಶ ಕುಸಿಯಿತು. ಹಿಂದಿನ ದಿನ ಷೇರು ಕೊಂಡವರ ದುಡ್ಡು ಹೋಯ್ತು. ಅಂದ್ರೆ ಸಮೀಕ್ಷೆ ಬರೀ ಮನರಂಜನೆ ಅಲ್ಲ.

ಜನರ ಉತ್ತರಗಳನ್ನು ಎಸ್‌ಪಿಎಸ್‌ಎಸ್‌ನಂಥ ತಂತ್ರಾಂಶಕ್ಕೆ ತುಂಬ್ತಾರೆ. ಅದು ವಯಸ್ಸು, ಲಿಂಗ, ಊರು ಅಂತ ವಿಂಗಡಿಸಿ ಕ್ಷಣದಲ್ಲಿ ಕೋಷ್ಟಕ ಕೊಡುತ್ತೆ. ಆದರೆ ಮಾತಾಡಿಸಿದ 1,000 ಜನರಲ್ಲಿ 700 ಗಂಡಸರು, 300 ಹೆಂಗಸರು ಇದ್ದರೆ? ಮತದಾರರು ಅರ್ಧಕ್ಕರ್ಧ ಇರೋದರಿಂದ ತಂತ್ರಾಂಶ ಒಬ್ಬ ಹೆಂಗಸನ್ನು 1.67 ಅಂತಲೂ ಒಬ್ಬ ಗಂಡಸನ್ನು 0.71 ಅಂತಲೂ ಎಣಿಸುತ್ತೆ. ಇದಕ್ಕೆ ವೇಟಿಂಗ್ ಅಂತಾರೆ. ಇದು ಮೋಸ ಅಲ್ಲ, ಬೇಕಾದ ಕೆಲಸವೇ. ಆದರೆ ಆ 300 ಹೆಂಗಸರೂ ಪೇಟೆಯಲ್ಲಿ ಮನೆಯಲ್ಲೇ ಸಿಕ್ಕವರಾದರೆ, ಬೆಳಗ್ಗೆಯೇ ಕೂಲಿಗೆ ಹೋದವಳ ಮನಸ್ಸನ್ನು ಯಾವ ತಂತ್ರಾಂಶವೂ ಹುಡುಕಿ ಕೊಡಲ್ಲ.

ಬರೀ ಸಂಖ್ಯೆ ದೊಡ್ಡದಾದರೂ ಸಾಲದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿತು. ವಾಪಸ್ ಬಂದದ್ದು 23 ಲಕ್ಷದಷ್ಟು. ಆಲ್ಫ್ ಲ್ಯಾಂಡನ್ ಗೆಲ್ತಾರೆ ಅಂತ ಪತ್ರಿಕೆ ಹೇಳಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸ ಆಯ್ದದ್ದು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರ ಪಟ್ಟಿಯಿಂದ. ಉತ್ತರ ಬರೆದವರೂ ಕೆಲವರೇ. ಬಡವರ ಮಾತು ಲೆಕ್ಕಕ್ಕೇ ಬರಲಿಲ್ಲ.

ಇನ್ನೊಂದು ವಿಷಯ. ಸರಿಯಾಗಿ ಆಯ್ದ 1,000 ಜನರ ಸಮೀಕ್ಷೆಯಲ್ಲೂ ಶೇ. 3ರಷ್ಟು ಆಚೀಚೆ ಇದ್ದೇ ಇರುತ್ತೆ. ಅದರಲ್ಲೇ 100 ಯುವಕರನ್ನು ಬೇರೆ ಮಾಡಿ 'ಯುವಕರ ಒಲವು' ಅಂದರೆ ಆ ಅಂತರ ಶೇ. 10ಕ್ಕೆ ಹೋಗುತ್ತೆ. ತೆರೆ ಮೇಲೆ ಎರಡೂ ಒಂದೇ ಬಣ್ಣದಲ್ಲಿ, ಒಂದೇ ಗಾತ್ರದಲ್ಲಿ ಕಾಣ್ತವೆ!

ಮತ ಗೊತ್ತಾದರೂ ಸೀಟು ಗೊತ್ತಾಗಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38 ಮತ, ಬಿಜೆಪಿಗೆ ಶೇ. 36. ಆದರೆ ಮೇ 15ರ ಎಣಿಕೆಯಲ್ಲಿ ಬಿಜೆಪಿ ಗೆದ್ದಿದ್ದು 104, ಕಾಂಗ್ರೆಸ್ 78. ಮತವನ್ನು ಸೀಟಿಗೆ ತಿರುಗಿಸುವ ಲೆಕ್ಕದಲ್ಲಿ ಸಮೀಕ್ಷಕರ ಊಹೆ ಸೇರಿರುತ್ತೆ.

ಹಾಗಂತ ಸಮೀಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಮೂರು ಪ್ರಶ್ನೆ ಕೇಳಿ ಅಂತಿದ್ದೀನಿ. ಯಾರನ್ನು, ಹೇಗೆ ಆರಿಸಿ ಮಾತಾಡಿಸಿದ್ರಿ? ಎಷ್ಟು ಜನ ಉತ್ತರ ಕೊಡಲಿಲ್ಲ? ಕಚ್ಚಾ ಅಂಕಿಗೆ ಏನೇನು ತಿದ್ದುಪಡಿ ಮಾಡಿದ್ರಿ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಆ ಅಂಕಿಯನ್ನು ನಂಬಿ ದುಡ್ಡು ಹಾಕಬೇಡಿ, ಪಂದ್ಯ ಕಟ್ಟಬೇಡಿ, ಗೆಳೆಯರ ಜೊತೆ ಜಗಳಾನೂ ಆಡಬೇಡಿ. ತೋರಿಸುತ್ತಿರುವುದು ನಮ್ಮದೇ ಚಾನೆಲ್ ಆಗಿದ್ದರೂ ಸರಿ, ಕೇಳಿ.