ಹೈದರಾಬಾದಿನ ಮೂರು ವಿವಾದಗಳು ಮತ್ತು ಪುರಾವೆಯ ಪ್ರಶ್ನೆ

ವಿಜ್ಞಾನ, ಧರ್ಮ, ರಾಜಕಾರಣಗಳು ಒಂದೇ ಅಂಗಳದಲ್ಲಿ ಎದುರುಬದುರಾದಾಗ ಹುಟ್ಟುವ ಚರ್ಚೆಗಳು ಬಹುಮಟ್ಟಿಗೆ ಜಗಳವಾಗಿ ಮುಗಿಯುತ್ತವೆ. ಯಾವ ಬಗೆಯ ಮಾತಿಗೆ ಯಾವ ಬಗೆಯ ಪುರಾವೆ ಸಲ್ಲಬೇಕೆಂಬುದನ್ನು ಎರಡೂ ಕಡೆಯವರು ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ಭಾರತೀಯ ತರ್ಕಪರಂಪರೆಗೆ ಈ ತೊಡಕು ಹೊಸದೇನಲ್ಲ. ಗೌತಮನ ನ್ಯಾಯಸೂತ್ರಗಳು ಸತ್ಯವನ್ನು ತಿಳಿಯಲೆಂದು ನಡೆಯುವ ಚರ್ಚೆಯನ್ನು ವಾದ ಎಂದೂ, ಹೇಗಾದರೂ ಗೆಲ್ಲಬೇಕೆಂದು ನಡೆಯುವುದನ್ನು ಜಲ್ಪ ಎಂದೂ, ತನ್ನದೆಂಬ ಪಕ್ಷವನ್ನೇ ನಿಲ್ಲಿಸದೆ ಎದುರಾಳಿಯ ಪಕ್ಷವನ್ನು ಕೆಡವುವುದಷ್ಟೇ ಗುರಿಯಾದದ್ದನ್ನು ವಿತಂಡ ಎಂದೂ ವಿಂಗಡಿಸಿವೆ. ವಾದಕ್ಕೆ ಇಳಿಯುವವನು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ನಿಲುವನ್ನು, ಅವನೇ ಒಪ್ಪುವಷ್ಟು ಪೂರ್ಣವಾಗಿ ಮಂಡಿಸಿದ ಮೇಲೆಯೇ ಉತ್ತರಿಸಬೇಕೆಂಬ ಶಿಸ್ತೂ ಈ ನೆಲದ ಶಾಸ್ತ್ರಚರ್ಚೆಗಳಲ್ಲಿ ಬೆಳೆದುಬಂದದ್ದು. ಈ ಶಿಸ್ತನ್ನು ಇಂದಿನ ವಿವಾದಗಳಿಗೆ ಅನ್ವಯಿಸಿ ನೋಡಲು ಹೈದರಾಬಾದಿಗಿಂತ ತಕ್ಕ ನಗರ ಸಿಗುವುದು ಕಷ್ಟ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೂ ಇದೇ ರಾಜಧಾನಿಯಾಗಿದ್ದುದರಿಂದ, ಇಲ್ಲಿನ ಆಸ್ಪತ್ರೆ, ಕಾಲೇಜು, ನ್ಯಾಯಾಲಯಗಳ ಕಥೆ ಆ ಭಾಗದ ಕನ್ನಡಿಗರ ಕಥೆಯೂ ಹೌದು.

ಮೊದಲನೆಯ ವಿವಾದ ನಗರದಲ್ಲಿ ಎಲ್ಲರೂ ಬಲ್ಲ ಮೀನು ಪ್ರಸಾದದ್ದು. ಪ್ರತಿ ವರ್ಷ ಜೂನ್ ಮೊದಲ ಭಾಗದಲ್ಲಿ, ರೈತರು ಮೃಗಶಿರಾ ಮಳೆ ಹುಟ್ಟುವ ದಿನವೆಂದು ಎಣಿಸುವ ಹೊತ್ತಿಗೆ, ಬತ್ತಿನಿ ಗೌಡ್ ಮನೆತನದವರು ಆಸ್ತಮಾ ರೋಗಿಗಳಿಗೆ ಇದನ್ನು ಹಂಚುತ್ತಾರೆ. ಎರಡು ಮೂರು ಅಂಗುಲ ಉದ್ದದ ಜೀವಂತ ಕೊರಮೀನಿನ ಮರಿಯ ಬಾಯಿಗೆ ಹಳದಿ ಬಣ್ಣದ ಗಿಡಮೂಲಿಕೆಯ ಮುದ್ದೆಯನ್ನು ತುರುಕಿ, ಆ ಮೀನನ್ನು ರೋಗಿಯ ಗಂಟಲಿಗೆ ಬಿಡಲಾಗುತ್ತದೆ; ಮೀನು ತಿನ್ನದವರಿಗೆ ಅದೇ ಮುದ್ದೆಯನ್ನು ಬೆಲ್ಲದೊಳಗಿಟ್ಟು ಕೊಡುತ್ತಾರೆ. 1845ರಲ್ಲಿ ಸಾಧುವೊಬ್ಬರು ವೀರಣ್ಣ ಗೌಡ್ ಎಂಬ ಪೂರ್ವಜರಿಗೆ ಈ ಗುಟ್ಟನ್ನು ತಿಳಿಸಿ, ಹಣ ಮುಟ್ಟದೆ ಹಂಚಬೇಕೆಂದು ಕಟ್ಟು ಹಾಕಿದರೆಂದು ಮನೆತನದವರು ಹೇಳುತ್ತಾರೆ. ಹಳೆಯ ನಗರದ ದೂದ್‌ಬೌಲಿಯ ಮನೆಯಲ್ಲಿ ನಡೆಯುತ್ತಿದ್ದ ವಿತರಣೆ ಈಗ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನಕ್ಕೆ ಬಂದಿದೆ. ಪೊಲೀಸ್ ಬಂದೋಬಸ್ತು, ಕುಡಿಯುವ ನೀರು, ಬ್ಯಾರಿಕೇಡು, ಬಸ್ಸು, ಮೀನುಗಾರಿಕೆ ಇಲಾಖೆಯಿಂದ ಮೀನಿನ ಮರಿಗಳು ಹೀಗೆ ಎಲ್ಲದಕ್ಕೂ ಸರ್ಕಾರವೇ ನಿಲ್ಲುತ್ತದೆ. ಕೋವಿಡ್ ವರ್ಷಗಳಲ್ಲಿ ನಿಂತಿದ್ದ ವಿತರಣೆ 2023ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು.

ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸುವುದಾದರೆ ಈ ಮನೆತನದವರನ್ನು ದುಡ್ಡಿಗಾಗಿ ಮೋಸ ಮಾಡುವವರೆಂದು ಹಳಿಯಲಾಗದು. ತಲೆಮಾರುಗಳಿಂದ ಉಚಿತವಾಗಿ ನಡೆದುಬಂದ ಸೇವೆ ಇದು, ಸರದಿಯಲ್ಲಿ ರಾತ್ರಿಯೆಲ್ಲ ಕಾಯುವವರ ಸಂಕಟವೂ ನಿಜವಾದದ್ದೇ. ಪ್ರಶ್ನೆ ಏಳುವುದು ಬೇರೆ ಕಡೆ. ಇದನ್ನು ಮೊದಲು ಮೀನಿನ ಔಷಧ ಎನ್ನುತ್ತಿದ್ದರು. ಜನ ವಿಜ್ಞಾನ ವೇದಿಕೆ ಮೊದಲಾದ ಸಂಘಟನೆಗಳು ಆಕ್ಷೇಪವೆತ್ತಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಅದು ಪ್ರಸಾದವಾಯಿತು. ಔಷಧ ಎಂದರೆ ಅದರಲ್ಲಿ ಏನಿದೆ, ಎಷ್ಟು ಜನರಿಗೆ ವಾಸಿಯಾಯಿತು ಎಂದು ಕೇಳುವ ಹಕ್ಕು ಕಾನೂನಿಗೂ ರೋಗಿಗೂ ಬರುತ್ತದೆ; ಪ್ರಸಾದ ಎಂದರೆ ಆ ಪ್ರಶ್ನೆಗಳನ್ನು ಕೇಳುವುದೇ ಅವಿನಯವೆನಿಸುತ್ತದೆ. ಆದರೆ ಮೈದಾನಕ್ಕೆ ಬರುವವರು ಬರುವುದು ಉಬ್ಬಸ ವಾಸಿಯಾಗಲೆಂದು, ಮೂರು ವರ್ಷ ಬಿಡದೆ ತೆಗೆದುಕೊಳ್ಳಬೇಕು, ಪಥ್ಯ ಮಾಡಬೇಕು ಎಂಬ ಕಟ್ಟಳೆಗಳೂ ಚಿಕಿತ್ಸೆಯ ಕಟ್ಟಳೆಗಳೇ. ದೇವರ ಕೃಪೆ ಸಿಗುತ್ತದೆ ಎಂಬ ಮಾತು ಶ್ರದ್ಧೆಯ ಮಾತು, ಅದಕ್ಕೆ ಪ್ರಯೋಗಾಲಯದ ಪುರಾವೆ ಕೇಳುವುದು ಸಲ್ಲದು. ಉಬ್ಬಸ ಕಡಿಮೆಯಾಗುತ್ತದೆ ಎಂಬ ಮಾತು ಶರೀರದ ಬಗೆಗಿನ ಮಾತು, ಯಾರು ಆಡಿದರೂ ಅದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು.

ಬದುಕಿರುವ ಮೀನು ಬಾಲ ಬಡಿಯುತ್ತಾ ಇಳಿಯುವಾಗ ಕಟ್ಟಿದ ಗಂಟಲನ್ನು ತೆರವು ಮಾಡುತ್ತದೆ ಎಂಬ ವಿವರಣೆಯನ್ನೇ ತೆಗೆದುಕೊಂಡರೆ, ನುಂಗಿದ ವಸ್ತು ಅನ್ನನಾಳದಲ್ಲಿ ಇಳಿದು ಹೊಟ್ಟೆ ಸೇರುತ್ತದೆ, ಆಸ್ತಮಾದಲ್ಲಿ ಊತ ಬಂದು ಕಿರಿದಾಗುವುದು ಶ್ವಾಸಕೋಶದೊಳಗಿನ ಸಣ್ಣ ಗಾಳಿಕೊಳವೆಗಳು. ಇವೆರಡೂ ಬೇರೆ ಬೇರೆ ದಾರಿಗಳು. ಹಾಗಾದರೆ ತಮಗೆ ಗುಣವಾಯಿತೆಂದು ಹೇಳುವ ಅಷ್ಟೊಂದು ಜನ ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನೂ ಇಲ್ಲ. ಆಸ್ತಮಾ ಏರಿಳಿತದ ಕಾಯಿಲೆ. ಉಬ್ಬಸ ವಿಪರೀತವಾದ ಕಾಲದಲ್ಲಿಯೇ ಜನ ಹೊಸ ಉಪಾಯವನ್ನು ಹುಡುಕಿ ಹೊರಡುತ್ತಾರೆ, ಅಲ್ಲಿಂದ ಮುಂದೆ ಅದು ಏನೂ ಮಾಡದಿದ್ದರೂ ತುಸು ಇಳಿಯುವ ಸಂಭವವೇ ಹೆಚ್ಚು, ಇದನ್ನು ಸಂಖ್ಯಾಶಾಸ್ತ್ರಜ್ಞರು ಸರಾಸರಿಯತ್ತ ಮರಳುವಿಕೆ ಎಂದು ಗುರುತಿಸುತ್ತಾರೆ. ಮೂರು ವರ್ಷದ ಕಟ್ಟಳೆಯಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಮೊದಲ ವರ್ಷ ಪ್ರಯೋಜನ ಕಾಣದವರು ಮರುವರ್ಷ ಮನೆಯಲ್ಲೇ ಉಳಿಯುತ್ತಾರೆ, ಕಂಡೆವೆನ್ನುವವರು ಮತ್ತೆ ಬರುತ್ತಾರೆ. ಮೂರನೆಯ ವರ್ಷದ ಸರದಿಯಲ್ಲಿ ನಿಂತವರನ್ನು ಮಾತನಾಡಿಸಿದ ಪತ್ರಕರ್ತರಿಗೆ ಹೊಗಳಿಕೆ ಮಾತ್ರ ಕೇಳಿಸುವುದು ಸಹಜ, ಏಕೆಂದರೆ ಬೇರೆ ಉತ್ತರ ಕೊಡಬಲ್ಲವರು ಆ ಸರದಿಯಲ್ಲಿಯೇ ಇಲ್ಲ. ಗುಣವಾಗದವರಿಗೆ ಮೂರು ವರ್ಷ ಪೂರೈಸಲಿಲ್ಲವಲ್ಲ ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಕನ್ನಡದ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಧರ್ಮದ ಕಡೆಗೆ ಕುರುಡು ನಂಬಿಕೆ, ವಿಜ್ಞಾನದ ಕಡೆಗೆ ಪುರಾವೆ ಎಂಬ ಸುಲಭದ ಹಂಚಿಕೆಯಾಗಿಬಿಡುತ್ತದೆ. ಆ ಹಂಚಿಕೆ ತಪ್ಪೆಂಬುದಕ್ಕೆ ಸಾಕ್ಷಿಯೂ ಇದೇ ನಗರದ ಎರಡನೆಯ ವಿವಾದದಲ್ಲಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಪ್ರಜ್ಞೆ ತಪ್ಪಿಸಲು 1847ರಿಂದ ಬಳಕೆಗೆ ಬಂದ ಕ್ಲೋರೋಫಾರಂ ನೋವನ್ನು ತಪ್ಪಿಸಿದಂತೆಯೇ ಕೆಲವು ರೋಗಿಗಳನ್ನು ಮೇಜಿನ ಮೇಲೆಯೇ ಇದ್ದಕ್ಕಿದ್ದಂತೆ ಕೊಲ್ಲುತ್ತಿತ್ತು. ಅದು ಉಸಿರಾಟವನ್ನು ನಿಲ್ಲಿಸಿ ಕೊಲ್ಲುತ್ತದೆ, ಉಸಿರಾಟದ ಮೇಲೆ ಕಣ್ಣಿಟ್ಟರೆ ಅಪಾಯವಿಲ್ಲ ಎಂದು ಎಡಿನ್‌ಬರೋದ ಪರಂಪರೆ ಹೇಳುತ್ತಿತ್ತು. ನೇರವಾಗಿ ಹೃದಯವನ್ನೇ ನಿಲ್ಲಿಸಬಲ್ಲದು ಎಂದು ಲಂಡನ್ನಿನ ಹಲವರು ಹೇಳುತ್ತಿದ್ದರು. ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಕಲಿತವರು. ಆರನೆಯ ನಿಜಾಮ್ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ ಅವರು 1888ರಲ್ಲಿ ಕ್ಲೋರೋಫಾರಂ ಆಯೋಗವನ್ನು ನಡೆಸಿ, ಪ್ರಾಣಿಗಳಲ್ಲಿ ಯಾವಾಗಲೂ ಹೃದಯಕ್ಕಿಂತ ಮೊದಲು ಉಸಿರು ನಿಲ್ಲುತ್ತದೆ ಎಂದು ತೀರ್ಮಾನಿಸಿದರು. ಲಂಡನ್ನಿನ ವೈದ್ಯಪತ್ರಿಕೆ ಲ್ಯಾನ್ಸೆಟ್ ಅದನ್ನು ಒಪ್ಪದಿದ್ದಾಗ, ಪತ್ರಿಕೆಯೇ ಒಬ್ಬ ಪ್ರತಿನಿಧಿಯನ್ನು ಕಳಿಸಲೆಂದು ನಿಜಾಮರು ಸಾವಿರ ಪೌಂಡು ಕೊಟ್ಟರು. ಹಾಗೆ 1889ರಲ್ಲಿ ಬಂದವರು ಹೃದಯದ ಔಷಧಗಳ ವಿಷಯದಲ್ಲಿ ಹೆಸರಾಂತ ಪಂಡಿತರಾದ ಲಾಡರ್ ಬ್ರಂಟನ್. ಅವರು ಲಾರಿಯವರ ಮಾತನ್ನು ನಂಬದೆ ಬಂದವರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರಾಟ ಮತ್ತು ರಕ್ತದೊತ್ತಡಗಳ ಗೆರೆಗಳನ್ನು ಕಾಗದದ ಮೇಲೆ ಮೂಡಿಸಿ ನೋಡಿದ ಮೇಲೆ ಲಾರಿಯವರ ಪಕ್ಷವನ್ನೇ ಸೇರಿದರು.

ಎದುರಾಳಿಯನ್ನೇ ಕರೆಸಿ, ಅವನ ಕಣ್ಣೆದುರಿಗೇ ಪರೀಕ್ಷೆ ನಡೆಸಿ, ಅವನನ್ನೂ ಒಪ್ಪಿಸಿದ ಈ ಪ್ರಕರಣಕ್ಕಿಂತ ಒಳ್ಳೆಯ ವಾದದ ಮಾದರಿ ಸಿಗಲಾರದು. ಆದರೂ ಆ ತೀರ್ಮಾನ ತಪ್ಪಾಗಿತ್ತು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯರು, ಕ್ಲೋರೋಫಾರಂ ಪ್ರಮಾಣ ಕಡಿಮೆಯಿದ್ದಾಗ ಅಡ್ರಿನಲಿನ್ ಸೇರಿದರೆ ಬೆಕ್ಕಿನ ಹೃದಯ ತಾಳ ತಪ್ಪಿ ಅದುರತೊಡಗಿ ಸಾವು ಬರುತ್ತದೆಂದು ತೋರಿಸಿದರು. ಭಯಗೊಂಡ ರೋಗಿಯ ದೇಹದಲ್ಲಿ ತಾನಾಗಿಯೇ ಹೆಚ್ಚಾಗುವ ಸ್ರಾವ ಅಡ್ರಿನಲಿನ್. ಇನ್ನೂ ಪೂರ್ತಿ ಮಂಪರು ಹತ್ತದೆ ಕೊಸರಾಡುವ ರೋಗಿಗಳೇ ಹೀಗೆ ಥಟ್ಟನೆ ಸಾಯುತ್ತಿದ್ದುದಕ್ಕೆ ಇದು ಸರಿಯಾದ ವಿವರಣೆಯಾಯಿತು. ಹೈದರಾಬಾದಿನ ಆಯೋಗವಾದರೋ ಪ್ರಾಣಿಗಳಿಗೆ ಬಹುಮಟ್ಟಿಗೆ ಸಾಯುವಷ್ಟು ಕ್ಲೋರೋಫಾರಂ ಕೊಟ್ಟು, ಏನು ಮೊದಲು ನಿಲ್ಲುತ್ತದೆ ಎಂದು ನೋಡಿತ್ತು. ಕೇಳಿದ ಪ್ರಶ್ನೆಗೆ ಸಿಕ್ಕಿದ ಉತ್ತರ ಸರಿಯಾಗಿಯೇ ಇತ್ತು, ಆದರೆ ಜನರನ್ನು ಕೊಲ್ಲುತ್ತಿದ್ದ ಸನ್ನಿವೇಶ ಆ ಪ್ರಶ್ನೆಯೊಳಗೆ ಬಂದಿರಲಿಲ್ಲ. ಪ್ರಯೋಗಗಳ ಸಂಖ್ಯೆ, ಅರಮನೆಯ ಬೆಂಬಲ, ದೊಡ್ಡ ಹೆಸರುಗಳು ಯಾವುವೂ ಆ ಕೊರತೆಯನ್ನು ತುಂಬಲಿಲ್ಲ. ಇಷ್ಟಾದರೂ ಎರಡು ದಶಕಗಳ ಮೇಲೆ ತಪ್ಪು ಹೊರಬಿದ್ದದ್ದು ಆಯೋಗ ತಾನು ಮಾಡಿದ್ದೇನು ಎಂಬುದನ್ನು ಬರೆದಿಟ್ಟು ಪ್ರಕಟಿಸಿದ್ದರಿಂದ. ಬಚ್ಚಿಟ್ಟ ಸೂತ್ರದಲ್ಲಿ ತಪ್ಪಿದ್ದರೆ ಅದನ್ನು ಹುಡುಕಿಕೊಡುವ ಲೆವಿ ಎಂದಿಗೂ ಬರುವುದಿಲ್ಲ. ವಿಜ್ಞಾನಕ್ಕಿರುವ ಹೆಚ್ಚುಗಾರಿಕೆ ಇಷ್ಟೇ, ಆದರೆ ಇದು ಸಣ್ಣದಲ್ಲ.

ಮೂರನೆಯ ವಿವಾದ ಜ್ಯೋತಿಷದ್ದು. 2001ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಜ್ಯೋತಿರ್ವಿಜ್ಞಾನ ಎಂಬ ಹೆಸರಿನಲ್ಲಿ ವೈದಿಕ ಜ್ಯೋತಿಷದ ಪದವಿ ತರಗತಿಗಳಿಗೆ ನೆರವು ಕೊಡಲು ಮುಂದಾದಾಗ, ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರವನ್ನು ಕಟ್ಟಿದ ಪುಷ್ಪಮಿತ್ರ ಭಾರ್ಗವ ಅವರು ಆಂಧ್ರಪ್ರದೇಶ ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಹ, ಏನನ್ನು ಕಲಿಸಬೇಕೆಂಬುದು ಶೈಕ್ಷಣಿಕ ಸಂಸ್ಥೆಗಳಿಗೆ ಬಿಟ್ಟದ್ದು, ನ್ಯಾಯಾಲಯ ಅದರಲ್ಲಿ ಪರಿಣತವಲ್ಲ ಎಂದು ಮೇಲ್ಮನವಿಯನ್ನು ತಳ್ಳಿಹಾಕಿತು. ಈ ತೀರ್ಪನ್ನು ಜ್ಯೋತಿಷ ವಿಜ್ಞಾನವೆಂದು ಸರ್ವೋಚ್ಚ ನ್ಯಾಯಾಲಯವೇ ಒಪ್ಪಿತೆಂದು ಸಾರಿದವರಿದ್ದಾರೆ. ಹಾಗೆ ಹೇಳುವುದು ಸರಿಯಲ್ಲ. ಪಠ್ಯಕ್ರಮವನ್ನು ಯಾರು ನಿರ್ಧರಿಸಬೇಕು ಎಂಬ ಅಧಿಕಾರದ ಪ್ರಶ್ನೆಯನ್ನು ನ್ಯಾಯಾಲಯ ಬಗೆಹರಿಸಿತೇ ಹೊರತು, ಗ್ರಹಗಳು ಮನುಷ್ಯರ ಬುದ್ಧಿಶಕ್ತಿಯನ್ನು ಸೂಚಿಸುತ್ತವೆಯೇ ಎಂಬ ಪ್ರಶ್ನೆಯನ್ನಲ್ಲ.

ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಅವರ ಸಂಗಡಿಗರು. ಪ್ರತಿಭಾವಂತ ಮಕ್ಕಳು ನೂರು, ಬುದ್ಧಿಮಾಂದ್ಯ ಮಕ್ಕಳು ನೂರು, ಹೀಗೆ ಇನ್ನೂರು ಮಕ್ಕಳ ಜನನ ವಿವರಗಳಿಂದ ಜಾತಕಗಳನ್ನು ಸಿದ್ಧಪಡಿಸಿ, ಪ್ರತಿ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾವ ಗುಂಪಿನದೆಂದು ಹೇಳಲು ಕೇಳಲಾಯಿತು. ಯಾವ ಜಾತಕ ಯಾರದೆಂದು ಉತ್ತರಿಸುವವರಿಗೆ ಗೊತ್ತಿರದ ಇಂಥ ಏರ್ಪಾಟನ್ನು ಅಂಧ ಪರೀಕ್ಷೆ ಎನ್ನುತ್ತಾರೆ. ಉತ್ತರ ಕಳಿಸಿದ 27 ಜನರ ಸರಾಸರಿ ಶೇಕಡಾ 46ರಷ್ಟು ಸರಿಯಾಗಿತ್ತು. ನಾಣ್ಯ ಚಿಮ್ಮಿ ಹೇಳಿದ್ದರೆ ಶೇಕಡಾ 50ರ ಆಸುಪಾಸಿನಲ್ಲಿ ಇರುತ್ತಿತ್ತು. ಮಾದರಿ ಚಿಕ್ಕದು, ಜನನ ಸಮಯ ನಿಖರವಿರಲಿಲ್ಲ ಎಂಬ ಆಕ್ಷೇಪಗಳಿಗೆ ಇನ್ನೂ ದೊಡ್ಡ, ಇನ್ನೂ ನಿಖರವಾದ ಪರೀಕ್ಷೆಯೇ ಉತ್ತರ, ಅದನ್ನು ನಡೆಸಲು ಯಾರೂ ತಡೆದಿಲ್ಲ. ಕನ್ನಡನಾಡಿನಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದಾಗ ಕೇಳಿದ್ದೂ ಇಂಥದೊಂದು ಅವಕಾಶವನ್ನೇ; ಉತ್ತರ ಬರಲಿಲ್ಲ. ನಾರ್ಳೀಕರರ ಪರೀಕ್ಷೆಯಲ್ಲಿ ಜೊತೆಗಿದ್ದ ನರೇಂದ್ರ ದಾಭೋಲ್ಕರ್ 2013ರಲ್ಲಿ ಪುಣೆಯಲ್ಲಿ, ಸಂಶೋಧಕ ಎಂ.ಎಂ. ಕಲಬುರ್ಗಿಯವರು 2015ರಲ್ಲಿ ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು, ಅದೇ ವರ್ಷ ಭಾರ್ಗವ ಅವರು ಪ್ರತಿಭಟನೆಯಾಗಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಪ್ರಶ್ನೆ ಕೇಳಿದವನನ್ನೇ ಇಲ್ಲವಾಗಿಸುವುದು ವಾದ, ಜಲ್ಪ, ವಿತಂಡಗಳಲ್ಲಿ ಯಾವುದಕ್ಕೂ ಸೇರದ ಹೇಯ ಕೃತ್ಯ.

ಭಾರ್ಗವ ಅವರ ವಿಷಯದಲ್ಲಿ ಇನ್ನೊಂದನ್ನು ಗಮನಿಸಬೇಕು. ಜ್ಯೋತಿಷಕ್ಕೆ ಪುರಾವೆ ಕೇಳಿದ ಅದೇ ವಿಜ್ಞಾನಿ, ಕುಲಾಂತರಿ ಬಿಟಿ ಬದನೆಯ ವಿಷಯದಲ್ಲಿ ಕಂಪನಿ ತಾನೇ ಒದಗಿಸಿದ ಅಂಕಿಅಂಶ ಸಾಲದು, ಸ್ವತಂತ್ರ ಪರೀಕ್ಷೆಗಳು ಬೇಕು ಎಂದು ಪಟ್ಟು ಹಿಡಿದರು. ಹೈದರಾಬಾದ್, ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳು ನಡೆದ ಮೇಲೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ; ಆದರೆ ಪಂಚಾಂಗದವರಿಗೂ ಬೀಜ ಕಂಪನಿಗೂ ಒಂದೇ ಅಳತೆಗೋಲು ಹಿಡಿದದ್ದು ಮೆಚ್ಚತಕ್ಕದ್ದು, ಏಕೆಂದರೆ ತನಗೆ ಇಷ್ಟವಿಲ್ಲದ ಕಡೆ ಮಾತ್ರ ಪುರಾವೆ ಕೇಳುವುದನ್ನು ವಿಚಾರಶೀಲತೆ ಎನ್ನಲಾಗದು.

1976ರ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದಿತು. ನಾಗರಿಕನಿಗೆ ಅದು ಕರ್ತವ್ಯವಾದರೆ, ನಾಂಪಲ್ಲಿಯ ಮೈದಾನಕ್ಕೆ ಮೀನನ್ನೂ ಬಸ್ಸನ್ನೂ ಒದಗಿಸುವ ಸರ್ಕಾರಕ್ಕೆ ಅದು ಇನ್ನೂ ಹೆಚ್ಚಿನ ಕರ್ತವ್ಯ. ಮನೆತನದವರ ಒಪ್ಪಿಗೆ ಪಡೆದು ಪರೀಕ್ಷೆ ನಡೆಸುವುದು ಕಷ್ಟವೂ ಅಲ್ಲ. ಬೆಲ್ಲದಲ್ಲಿ ತೆಗೆದುಕೊಳ್ಳುವವರ ಪೈಕಿ ತಾವಾಗಿ ಮುಂದೆ ಬರುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುದ್ದೆಯಿರುವ ಬೆಲ್ಲ, ಇನ್ನೊಂದಕ್ಕೆ ನೋಟಕ್ಕೂ ರುಚಿಗೂ ಅದರಂತೆಯೇ ಇರುವ ಬರಿಯ ಬೆಲ್ಲ ಕೊಟ್ಟು, ಕೊಡುವವರಿಗೂ ಪಡೆಯುವವರಿಗೂ ಗುಟ್ಟು ತಿಳಿಯದಂತೆ ನೋಡಿಕೊಂಡು, ಎರಡೂ ಗುಂಪಿನವರು ತಮ್ಮ ವೈದ್ಯರ ಔಷಧಗಳನ್ನು ಮುಂದುವರಿಸುತ್ತಾ, ಎಷ್ಟು ವೇಗವಾಗಿ ಉಸಿರು ಹೊರಬಿಡಬಲ್ಲರೆಂಬುದನ್ನು ಅಳೆಯುವ ಸಣ್ಣ ಕೊಳವೆಯಿಂದ ವರ್ಷವಿಡೀ ಅಳತೆ ಬರೆದಿಟ್ಟರೆ, ಈ ನಗರದ ಆಸ್ಪತ್ರೆಗಳೇ ಉತ್ತರ ಕೊಡಬಲ್ಲವು. ಮುದ್ದೆ ಗೆದ್ದರೆ ಲೋಕಕ್ಕೆ ಹೊಸದೊಂದು ಔಷಧ ಸಿಕ್ಕಂತೆ, ಸೋತರೆ ದೂರದೂರಿನಿಂದ ಮಕ್ಕಳನ್ನು ಎತ್ತಿಕೊಂಡು ಬರುವವರಿಗೆ ನಿಜ ತಿಳಿದಂತೆ. ಆ ಉತ್ತರ ಬರುವವರೆಗೆ ಮಾಡಬೇಕಾದದ್ದೂ ಒಂದಿದೆ: ಮುಂದಿನ ಮೃಗಶಿರಾದ ಹೊತ್ತಿಗೆ ಮೈದಾನದ ಪ್ರತಿ ಬಾಗಿಲಲ್ಲೂ, ಪ್ರಸಾದ ತೆಗೆದುಕೊಂಡವರು ತಮ್ಮ ಇನ್ಹೇಲರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದೆಂದು ತೆಲುಗು, ಉರ್ದು, ಕನ್ನಡ, ಮರಾಠಿ, ಹಿಂದಿಗಳಲ್ಲಿ ದೊಡ್ಡಕ್ಷರದ ಫಲಕವನ್ನು ಸರ್ಕಾರ ಹಾಕಿಸಬೇಕು.