ಮಲೆನಾಡಿನ ಕಕ್ಷಿದಾರ ಮತ್ತು ಅವನ ವಕೀಲರು

(ಕೃಷಿಕರ ಹಾಗೂ ಪರಿಸರ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಕೃಷಿಕನನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದು ಬಹುಮಟ್ಟಿಗೆ ನೆಲದ ವಿಷಯ. ದಾಯಾದಿಗಳ ನಡುವಿನ ಹಿಸ್ಸೆ, ಪೋಡಿಯಾಗದೆ ಉಳಿದ ಸರ್ವೆ ನಂಬರು, ತೋಟಕ್ಕೆ ಇಳಿಯುವ ಹಳ್ಳದ ನೀರು, ಅರಣ್ಯ ಇಲಾಖೆಯ ನೋಟಿಸು: ಇಲ್ಲಿನ ಹೆಚ್ಚಿನ ಕಡತಗಳ ಒಡಲು ಇಷ್ಟೇ. ಈ ನೆಲಕ್ಕೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಉತ್ತರ ಕನ್ನಡದಲ್ಲಿ ಬೆಟ್ಟ, ಸೊರಬ ಸಾಗರದ ಕಡೆ ಕಾನು, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ. ಹೆಸರು ಬೇರೆಯಾದಂತೆ ಹಕ್ಕಿನ ಸ್ವರೂಪವೂ ಬೇರೆ, ಅದನ್ನು ಸಾಧಿಸಿ ತೋರಿಸುವ ದಾಖಲೆಯೂ ಬೇರೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಹಳೆಯ ಲೆಕ್ಕವನ್ನು ನೆನೆದರೆ ಪಣಕ್ಕಿಟ್ಟಿರುವುದು ಏನೆಂಬುದು ತಿಳಿಯುತ್ತದೆ. ಬೆಟ್ಟ ಕೈತಪ್ಪಿದರೆ ಸೊಪ್ಪಿಲ್ಲ, ತರಗೆಲೆಯಿಲ್ಲ, ಗೊಬ್ಬರವಿಲ್ಲ. ಕೆಲವೇ ವರ್ಷಗಳಲ್ಲಿ ತೋಟದ ಮಣ್ಣೂ ಸೊರಗುತ್ತದೆ.

ಇಂಥ ನೆಲದ ಕಡತವನ್ನು ಪೇಟೆಯ ವಕೀಲರ ಕಚೇರಿಯಲ್ಲಿ ಇರಿಸಿ, “ಎಲ್ಲ ನೀವೇ ನೋಡಿಕೊಳ್ಳಿ ಸ್ವಾಮಿ” ಎಂದು ಕೈಮುಗಿದು ಬಂದ ಕೃಷಿಕರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಮೂರು ನಾಲ್ಕು ವರ್ಷಗಳ ಬಳಿಕ ಕೋರ್ಟಿನ ಅಮೀನ ತೋಟದ ತಡಮೆಯ ಬಳಿ ಬಂದು ನಿಂತಾಗಲೇ ಅವರಲ್ಲಿ ಕೆಲವರಿಗೆ ತಮ್ಮ ವಿರುದ್ಧ ಏಕಪಕ್ಷೀಯ ಡಿಕ್ರಿಯಾಗಿ ಅಮಲ್ಜಾರಿಯ ಹಂತಕ್ಕೆ ಬಂದಿರುವ ಸಂಗತಿ ತಿಳಿದದ್ದುಂಟು. ಸಾಕ್ಷ್ಯ ಇಲ್ಲದೆ ಸೋತವರ ದುಃಖ ಒಂದು ಬಗೆಯದು. ಸಾಕ್ಷ್ಯ ಇದ್ದೂ ದಿನ ತಪ್ಪಿ ಸೋತವರ ದುಃಖ ಇನ್ನೊಂದು ಬಗೆಯದು. ಎರಡನೆಯದನ್ನು ತಪ್ಪಿಸಲು ಬರುತ್ತದೆ. ಮೊಕದ್ದಮೆ ಎಂದೆಂದಿಗೂ ಕಕ್ಷಿದಾರನದು, ವಕೀಲರು ಅದನ್ನು ಅವನ ಪರವಾಗಿ ನಡೆಸುವವರು ಎಂಬ ತಿಳಿವಳಿಕೆ ಅದರ ಮೊದಲ ಮೆಟ್ಟಿಲು.

ಆಯ್ಕೆಯ ಹೊತ್ತು

ಕಾಳುಮೆಣಸಿನ ಬಳ್ಳಿ ತರುವಾಗ ಕೃಷಿಕನು ನಾಲ್ಕು ನರ್ಸರಿ ಸುತ್ತುತ್ತಾನೆ, ತಾಯಿಬಳ್ಳಿಯನ್ನು ನೋಡುತ್ತಾನೆ, ಸೊರಗು ರೋಗ ಇದೆಯೇ ಎಂದು ವಿಚಾರಿಸುತ್ತಾನೆ. ವಕೀಲರನ್ನು ಹುಡುಕುವಾಗ ಈ ಎಚ್ಚರ ಇರುವುದಿಲ್ಲ. ನೆಂಟರ ಮಾತು, ಜಾತಿಯ ಸಲುಗೆ, ಕಚೇರಿಯ ಎದುರಿನ ಅರ್ಜಿ ಬರಹಗಾರನ ಸೂಚನೆ, ಊರಿನ ಮುಖಂಡನ ಚೀಟಿ, ಇವುಗಳಲ್ಲಿ ಒಂದರಿಂದ ಆಯ್ಕೆ ಮುಗಿದುಹೋಗುತ್ತದೆ. ಇಂಥ ಪ್ರಕರಣವನ್ನು ಹಿಂದೆ ನಡೆಸಿದ್ದೀರಾ ಎಂದು ಕೇಳುವುದನ್ನು ಅವಮರ್ಯಾದೆ ಎಂದು ಭಾವಿಸುವವರೇ ಹೆಚ್ಚು. ಆದರೆ ಕೇಳಲೇಬೇಕಾದ ಪ್ರಶ್ನೆ ಅದೇ.

ಏಕೆಂದರೆ ನೆಲದ ಒಂದೊಂದು ತಕರಾರಿಗೆ ಒಂದೊಂದು ಬಾಗಿಲು. ಹಿಸ್ಸೆಯ ದಾವೆ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಪಹಣಿಯ ಹಕ್ಕು ಬದಲಾವಣೆಯ ವಿರುದ್ಧದ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ ನಡೆಯುತ್ತದೆ. ಅಲ್ಲಿ ಗೆದ್ದರೂ ಪಹಣಿಯ ನಮೂದು ಮಾತ್ರದಿಂದ ಒಡೆತನ ಸಿದ್ಧವಾಗುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ ಅಧಿಸೂಚನೆ ಬಂದರೆ ಹಕ್ಕಿನ ಅಹವಾಲನ್ನು ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ ಇಡಬೇಕು. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮುನ್ನ ಸಾಮಾನ್ಯವಾಗಿ ಎರಡು ತಿಂಗಳ ನೋಟಿಸು ಕೊಡಬೇಕು. ಹೈಕೋರ್ಟಿಗೆ ಹೋಗುವುದಾದರೆ ಉತ್ತರ ಕನ್ನಡದವರಿಗೆ ಧಾರವಾಡ ಪೀಠ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನವರಿಗೆ ಬೆಂಗಳೂರು. ಕ್ರಿಮಿನಲ್ ಪ್ರಕರಣಗಳಲ್ಲಿ ಹೆಸರು ಮಾಡಿದ ವಕೀಲರು ಅರಣ್ಯ ಹಕ್ಕಿನ ವಿಷಯದಲ್ಲಿ ಪಳಗಿರಬೇಕೆಂಬ ನಿಯಮವಿಲ್ಲ. ತಪ್ಪಾದ ಬಾಗಿಲನ್ನು ತಟ್ಟಿ ಕಳೆದ ವರ್ಷಗಳು ಮರಳಿ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಸಣ್ಣ ಪೇಟೆಗಳಲ್ಲಿ ಇನ್ನೂ ಮುಖ್ಯವಾದದ್ದು. ಎದುರುಪಕ್ಷದವರು ಇದೇ ವಕೀಲರ ಹಳೆಯ ಕಕ್ಷಿದಾರರೇ? ಇಪ್ಪತ್ತು ಮೂವತ್ತು ವಕೀಲರಿರುವ ಊರಿನಲ್ಲಿ ಕಲ್ಲುಗಣಿಯ ಮಾಲೀಕ, ರೆಸಾರ್ಟಿನ ಒಡೆಯ ಮತ್ತು ಹಳ್ಳಿಯ ರೈತ ಒಂದೇ ಕಚೇರಿಗೆ ಹೋಗುವ ಸಂಭವ ಹೆಚ್ಚು. ಪ್ರಕರಣದ ಬಗ್ಗೆ ತಮಗಿರುವ ಆಸಕ್ತಿ, ಎದುರುಪಕ್ಷದೊಡನೆ ತಮಗಿರುವ ಸಂಬಂಧ ಎಲ್ಲವನ್ನೂ ಮೊದಲೇ ತಿಳಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರಿಗೆ ವಿಧಿಸಿವೆ. ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಅದೇ ವ್ಯಾಜ್ಯದಲ್ಲಿ ಎದುರುಪಕ್ಷದ ಪರ ನಿಲ್ಲುವಂತಿಲ್ಲ. ನಿಯಮ ಇದ್ದರೂ ಕೇಳುವವರಿಲ್ಲದಿದ್ದರೆ ಹೇಳುವವರೂ ಇರುವುದಿಲ್ಲ.

ವಕಾಲತ್ತು ಮತ್ತು ಶುಲ್ಕ

ವಕಾಲತ್ತುನಾಮೆ ಎಂಬುದು ಒಂದು ಹಾಳೆಯ ಅಧಿಕಾರಪತ್ರ. ಹಣ ಸ್ವೀಕರಿಸುವ, ಅರ್ಜಿ ಹಿಂಪಡೆಯುವ, ರಾಜಿಗೆ ಒಪ್ಪುವ ಅಧಿಕಾರವೂ ಅಚ್ಚಾದ ಆ ಸಾಲುಗಳಲ್ಲಿ ಸೇರಿರುವುದುಂಟು. ಅದನ್ನು ಓದಿಸಿ ಕೇಳಿ ಸಹಿ ಹಾಕಿದವರು ಬಹಳ ವಿರಳ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಿಕೊಟ್ಟವರೂ ಇದ್ದಾರೆ. ಯಾವ ಕಾರಣಕ್ಕೂ ಮಾಡಬಾರದ ಕೆಲಸವದು. ಕಕ್ಷಿದಾರನ ಸ್ಪಷ್ಟ ಸೂಚನೆಯಿಲ್ಲದೆ ಅವನ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ವಕೀಲರು ಆಡುವಂತಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕೆಟ್ಟ ರಾಜಿಯನ್ನು ಬಿಡಿಸಿಕೊಳ್ಳುವುದಕ್ಕಿಂತ ವಕಾಲತ್ತಿನ ಆ ಸಾಲನ್ನು ಮೊದಲೇ ಹೊಡೆದುಹಾಕಿಸುವುದು ಸುಲಭ.

ಶುಲ್ಕದ ವಿಷಯದಲ್ಲಿ ಸಂಕೋಚವೇ ಹೆಚ್ಚಿನ ಮನಸ್ತಾಪಗಳ ಮೂಲ. ಮೊದಲ ದಿನ ಒಂದು ಮೊತ್ತ, ಆಮೇಲೆ ಪ್ರತಿ ವಾಯಿದೆಗೊಂದಿಷ್ಟು, ಗುಮಾಸ್ತರಿಗೆ ಬೇರೆ, ನಕಲಿನ ಖರ್ಚು ಬೇರೆ ಎಂದು ಕೊಡುತ್ತ ಹೋದವನಿಗೆ ಕೊನೆಗೆ ಲೆಕ್ಕವೂ ಇಲ್ಲ, ರಸೀದಿಯೂ ಇಲ್ಲ. ಇಡೀ ದಾವೆಗೆ ಎಷ್ಟು, ಯಾವ ಹಂತದಲ್ಲಿ ಎಷ್ಟು, ಕೋರ್ಟ್ ಶುಲ್ಕ ಯಾರ ಹೊಣೆ, ಮೇಲ್ಮನವಿ ಇದರಲ್ಲಿ ಸೇರಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಬಹುದು. ಕಕ್ಷಿದಾರನ ಹಣಕ್ಕೆ ಲೆಕ್ಕ ಇಡಬೇಕೆಂಬುದು ವಕೀಲರಿಗೆ ಇರುವ ನಿಯಮ. ಗೆದ್ದರೆ ಇಷ್ಟು ಪಾಲು, ಪರಿಹಾರ ಬಂದರೆ ಶೇಕಡಾ ಇಷ್ಟು ಎಂಬ ಒಪ್ಪಂದ ಭಾರತದಲ್ಲಿ ವಕೀಲ ವೃತ್ತಿಯ ನಿಯಮಕ್ಕೆ ವಿರುದ್ಧವಾದದ್ದು. ಭೂಸ್ವಾಧೀನದ ಪರಿಹಾರದಲ್ಲಿ ಪಾಲು ಕೇಳಿದರೆ ಇದನ್ನು ನೆನಪಿಸುವ ಅಧಿಕಾರ ಕೃಷಿಕನಿಗಿದೆ.

ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಆಸರೆಯಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆ ಮುಂತಾದ ವಿಪತ್ತಿಗೆ ಸಿಲುಕಿದವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿಯುಂಟು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. ಹಿಸ್ಸೆಯಲ್ಲಿ ಪಾಲು ಕೇಳಲು ಹಿಂಜರಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ಈ ಬಾಗಿಲು ಇರುವುದೇ ತಿಳಿದಿಲ್ಲ.

ವಾಯಿದೆಗಳ ನಡುವೆ

ಕಾನೂನಿನಲ್ಲಿ ದಿನಗಳಿಗೆ ಮುಂಗಾರಿನಷ್ಟೇ ಮಹತ್ವ. ಬಿತ್ತುವ ಹದ ತಪ್ಪಿದರೆ ಬೆಳೆಯಿಲ್ಲ. ಸಮನ್ಸು ತಲುಪಿದ ಮೇಲೆ ಪ್ರತಿವಾದಿಯ ಕೈಫಿಯತ್ತಿಗೆ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಅರ್ಜಿ ಹಾಕುವುದಕ್ಕೆ 30 ದಿನ. ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯಲಾಗುತ್ತದೆ. ಆದ್ದರಿಂದ ಆದೇಶವಾದ ಕೂಡಲೇ ನಕಲಿಗೆ ಅರ್ಜಿ ಹಾಕುವುದು ಜಾಣತನ. ವಿಳಂಬವನ್ನು ಮನ್ನಿಸುವಂತೆ ಕೇಳಬಹುದು, ಆದರೆ ತಕ್ಕ ಕಾರಣ ತೋರಿಸಬೇಕು.

ವಕೀಲರ ಲೋಪಕ್ಕಾಗಿ ಅಮಾಯಕ ಕಕ್ಷಿದಾರನನ್ನು ದಂಡಿಸಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. ಅದನ್ನೇ ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ವರ್ಷಗಟ್ಟಲೆ ತನ್ನ ಪ್ರಕರಣವನ್ನು ವಿಚಾರಿಸದೆ ಇದ್ದವನಿಗೆ ಆ ರಕ್ಷಣೆಯನ್ನು ನಿರಾಕರಿಸಿದ ತೀರ್ಪುಗಳೂ ಬಂದಿವೆ. ಇಂದು ವಿಚಾರಿಸುವುದು ಕಷ್ಟವಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್ಆರ್ ಸಂಖ್ಯೆ ಇರುತ್ತದೆ. ಅದು ಗೊತ್ತಿದ್ದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಎಂಬುದನ್ನು ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಮನೆಯ ಮಕ್ಕಳೇ ಮೊಬೈಲಿನಲ್ಲಿ ನೋಡಿ ಹೇಳಬಲ್ಲರು. “ಮುಂದಿನ ತಿಂಗಳು ಬನ್ನಿ” ಎಂಬ ಗುಮಾಸ್ತರ ಮಾತು ಏಕೈಕ ಆಧಾರವಾಗಬೇಕಾಗಿಲ್ಲ.

ವಕೀಲರ ಕಡೆಯಿಂದ ನೋಡಿದಾಗ

ದೂರು ಒಂದೇ ಕಡೆಯದಲ್ಲ. ತಾಲ್ಲೂಕಿನ ವಕೀಲರು ಒಂದೇ ದಿನ ಎರಡು ಮೂರು ನ್ಯಾಯಾಲಯಗಳಲ್ಲಿ ಓಡಾಡಬೇಕಾಗುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಅಧಿಕಾರಿ ಇಲ್ಲವೆಂದು ದಿನ ಹಾಳಾಗುತ್ತದೆ. ಕಕ್ಷಿದಾರನು ನೋಟಿಸಿನ ಕೊನೆಯ ದಿನ ಸಂಜೆ ಬರುತ್ತಾನೆ. ಬೇಲಿ ಸರಿಸಿದ್ದನ್ನು, ಹಿಂದೆ ಬರೆದುಕೊಟ್ಟ ಒಪ್ಪಿಗೆ ಪತ್ರವನ್ನು, ತಂದೆ ಮಾಡಿದ ಸಾಲವನ್ನು ಮುಚ್ಚಿಡುತ್ತಾನೆ. ಎದುರುಪಕ್ಷದ ಪಾಟೀಸವಾಲಿನಲ್ಲಿ ಅದು ಹೊರಬಿದ್ದಾಗ ವಕೀಲರು ತಲೆತಗ್ಗಿಸಬೇಕಾಗುತ್ತದೆ. ವೈದ್ಯರಿಗೆ ರೋಗ ಮುಚ್ಚಿಟ್ಟಂತೆ ಇದು. ಅಡಿಕೆಯ ದರ ಇಳಿದ ವರ್ಷ ಶುಲ್ಕವನ್ನು ಕೇಳದೆ ಉಳಿದ ವಕೀಲರೂ, ಬಡವರ ಬಗರ್ ಹುಕುಂ ಅರ್ಜಿಗಳಿಗಾಗಿ ವರ್ಷಗಟ್ಟಲೆ ಅಲೆದವರೂ ಮಲೆನಾಡಿನ ಬಾರುಗಳಲ್ಲಿ ಇದ್ದಾರೆ. ಒಳ್ಳೆಯ ವಕೀಲರು ಪ್ರಶ್ನೆ ಕೇಳುವ ಕಕ್ಷಿದಾರನನ್ನು ಬಯಸುತ್ತಾರೆ. ಅಂಥವನ ಕಾಗದಗಳು ಕ್ರಮವಾಗಿರುತ್ತವೆ.

ಸಂಬಂಧ ಕೆಟ್ಟಾಗ

ನಂಬಿಕೆ ಹೋದ ಮೇಲೂ ವಕೀಲರನ್ನು ಬದಲಿಸಲು ಹೆದರುವವರೇ ಬಹಳ. ಶುಲ್ಕ ಬಾಕಿಯಿದೆ, ಕಡತ ಕೊಡುವುದಿಲ್ಲ ಎಂಬ ಮಾತಿಗೆ ಕಟ್ಟುಬಿದ್ದು ಕುಳಿತವರಿದ್ದಾರೆ. ಶುಲ್ಕದ ಬಾಕಿಗಾಗಿ ಕಕ್ಷಿದಾರನ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬಾಕಿಯ ವಸೂಲಿಗೆ ಬೇರೆ ದಾರಿಯುಂಟು. ದುರ್ನಡತೆಯ ದೂರನ್ನು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ನಿನಡಿ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಬಹುದು. ಅದರ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಅಮಾನತುಗೊಳಿಸಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಮಾತ್ರ ಈಗ ಮುಚ್ಚಿದೆ: ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದಾವೆ ಸೋತದ್ದು ಮಾತ್ರ ದುರ್ನಡತೆಗೆ ಸಾಕ್ಷಿಯಲ್ಲ ಎಂಬುದನ್ನೂ ದೂರುವವರು ಅರಿತಿರಬೇಕು.

ಊರಿನ ಮೊಕದ್ದಮೆ

ಕಕ್ಷಿದಾರ ಒಬ್ಬನಾಗಿರದೆ ಇಡೀ ಊರೇ ಆಗಿರುವಾಗ ಈ ಕಷ್ಟಗಳೆಲ್ಲ ಇಮ್ಮಡಿಸುತ್ತವೆ. ಕುದುರೆಮುಖದ ಪ್ರಕರಣದಲ್ಲಿ 2002ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿ ನಿಂತದ್ದು ಮಲೆನಾಡಿಗೆ ದೊಡ್ಡ ಧೈರ್ಯ ಕೊಟ್ಟಿತು. ಅಂಥ ಫಲದ ಹಿಂದೆ ವರ್ಷಗಳ ದಾಖಲೆ ಸಂಗ್ರಹ ಇರುತ್ತದೆ. ಊರಿನ ಪರವಾಗಿ ಹತ್ತು ಜನ ಸಹಿ ಹಾಕಿ, ವಂತಿಗೆ ಎತ್ತಿ, ತಡೆಯಾಜ್ಞೆ ಬಂದೊಡನೆ ಮೆರವಣಿಗೆ ಮಾಡಿ ಮರೆತರೆ ಆ ಆಜ್ಞೆ ತೆರವಾಗುವ ದಿನ ಕೋರ್ಟಿನಲ್ಲಿ ಊರಿನವರು ಯಾರೂ ಇರುವುದಿಲ್ಲ.

ಇಲ್ಲಿಯೂ ದಿನಗಳ ಲೆಕ್ಕ ಕಠಿಣ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಂತೆ ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ತಕ್ಕ ಕಾರಣವಿದ್ದರೆ ಮತ್ತೆ 60 ದಿನ, ಅದರಾಚೆ ಅವಕಾಶವಿಲ್ಲ. ಇತರ ಪರಿಸರ ವ್ಯಾಜ್ಯಗಳಿಗೆ ಆರು ತಿಂಗಳು, ಮೇಲೆ 60 ದಿನ. ಕರ್ನಾಟಕದ ಪ್ರಕರಣಗಳನ್ನು ಕೇಳುವ ಪೀಠ ಚೆನ್ನೈಯಲ್ಲಿದೆ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕವೆಂದು ನಿಯಮ ಹೇಳುತ್ತದೆ. ಖರ್ಚು ಬೀಳುವುದು ಭಾಷಾಂತರಕ್ಕೆ, ಪ್ರಯಾಣಕ್ಕೆ, ವಕೀಲರಿಗೆ. ಗುಡ್ಡದಲ್ಲಿ ಜೆಸಿಬಿ ಸದ್ದು ಕೇಳಿದ ಮೇಲೆ ವಕೀಲರನ್ನು ಹುಡುಕತೊಡಗಿದರೆ ಗಡುವು ಮುಗಿದಿರುವ ಸಾಧ್ಯತೆಯೇ ಹೆಚ್ಚು.

ವಕೀಲರೇ ಬೇಕಾಗದ ಕೆಲಸವೂ ಉಂಟು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಹವಾಲು ಸಲ್ಲುವುದು ಗ್ರಾಮಸಭೆಯಲ್ಲಿ. ಹಿರಿಯರ ಲಿಖಿತ ಹೇಳಿಕೆಯೂ ಅಲ್ಲಿ ಸಾಕ್ಷ್ಯವಾಗುತ್ತದೆ. ಇಂಥದೇ ದಾಖಲೆ ಬೇಕೆಂದು ಸಮಿತಿ ಹಟ ಹಿಡಿಯುವಂತಿಲ್ಲ. ಅರ್ಜಿ ತುಂಬಿಸಲು ಸಾವಿರಗಟ್ಟಲೆ ತೆರುವ ಅಗತ್ಯವಿಲ್ಲ. ತಿರಸ್ಕೃತವಾದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬಹುದು. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ ಆದೇಶಿಸಿ, ಅದೇ ತಿಂಗಳ 28ರಂದು ತಾನೇ ಅದಕ್ಕೆ ತಡೆ ನೀಡಿದಾಗ ಮುಂದೆ ಬಂದ ಮುಖ್ಯ ಪ್ರಶ್ನೆ ತಿರಸ್ಕಾರದ ಕ್ರಮ ಸರಿಯಾಗಿ ನಡೆದಿದೆಯೇ ಎಂಬುದು. ತಿರಸ್ಕಾರದ ಪತ್ರ, ಗ್ರಾಮಸಭೆಯ ಠರಾವು, ಅರ್ಜಿಯ ಸ್ವೀಕೃತಿ ಇವು ಕೈಯಲ್ಲಿದ್ದವರ ಮಾತಿಗೆ ಅಂದು ತೂಕವಿತ್ತು.

ಆದುದರಿಂದ ಪ್ರತಿ ಊರಿನ ಸಂಘಟನೆ ಮಾಡಬೇಕಾದ ಕೆಲಸ ಸರಳವಾದದ್ದು. ಊರಿನ ವ್ಯಾಜ್ಯಗಳಿಗೆ ಒಂದು ಕಡತ ಇರಲಿ. ವಕೀಲರಿಗೆ ಕೊಟ್ಟ ಪ್ರತಿ ಕಾಗದದ ಪ್ರತಿ ಅದರಲ್ಲಿರಲಿ, ಮೂಲ ದಾಖಲೆ ನ್ಯಾಯಾಲಯ ಕೇಳಿದಾಗ ಮಾತ್ರ ಮನೆಯಿಂದ ಹೊರಡಲಿ. ವಕೀಲರನ್ನು ಕಾಣಲು ಒಬ್ಬರ ಬದಲು ಇಬ್ಬರು ಹೋಗಲಿ, ಅವರಲ್ಲಿ ಒಬ್ಬರು ಓದು ಬಲ್ಲ ಹೆಣ್ಣುಮಗಳಾಗಿರಲಿ. ವಾಯಿದೆಗಳನ್ನು ಸೊಸೈಟಿಯ ಗೋಡೆಯ ಮೇಲೆ ಬರೆದು ಹಾಕಲಿ. ವಂತಿಗೆಯ ಲೆಕ್ಕ, ಶುಲ್ಕದ ರಸೀದಿ ಎಲ್ಲರ ಕಣ್ಣಿಗೆ ಬೀಳಲಿ. ಬೆಟ್ಟದ ಸೊಪ್ಪನ್ನು ಸರದಿಯಂತೆ ಕಡಿದು, ಹಳ್ಳದ ನೀರನ್ನು ಹಂಚಿಕೊಂಡು ಬಾಳಿದ ಊರುಗಳಿಗೆ ಈ ಶಿಸ್ತು ಹೊಸದೇನೂ ಅಲ್ಲ. ಅದೇ ಶಿಸ್ತು ಕಾಗದಕ್ಕೂ ಸಲ್ಲಬೇಕಾಗಿದೆ.