ಬದು ದಾಟುವ ಬೆಂಕಿ



ಗೋಕಾಕ ತಾಲೂಕಿನ ಅಂಕಲಗಿ ಸೀಮೆಯಲ್ಲಿ ಕಬ್ಬು ಕಡಿದ ಮೇಲೆ ಹೊಲದ ತುಂಬ ಉಳಿಯುವುದು ಒಣಗರಿ, ಅಂದರೆ ರವದಿ. ಕಡ್ಡಿ ಗೀರಿದರೆ ಗಳಿಗೆಯಲ್ಲಿ ಹೊಲ ಬೋಳು. ಆದರೆ ಆ ಉರಿಗೆ ಮಣ್ಣಿನ ಜೀವಾಣುಗಳು ಸಾಯುತ್ತವೆ, ಹೊಗೆ ಗಾಳಿ ಸೇರುತ್ತದೆ. ಸುಡದೆ ಸಾಲಿನ ನಡುವೆ ಹಾಸಿದರೆ ಅದೇ ರವದಿ ತೇವ ಹಿಡಿದಿಟ್ಟು, ಕೊಳೆತು ಗೊಬ್ಬರವಾಗುತ್ತದೆ. ಹಾಗೆ ಜತನ ಮಾಡಿದ ರೈತನ ಹೊಲಕ್ಕೆ ಪಕ್ಕದವರ ಬೆಂಕಿ ಬದು ದಾಟಿ ಬಂದರೆ? ಒಬ್ಬನ ನಿಷ್ಠೆ ಬೂದಿ. ಈ ಸಂಕಟ ನನ್ನನ್ನು ಬಹಳ ಕಾಡುತ್ತದೆ.

ಹಾಗೆಂದು ಅವನ ಶ್ರಮ ವ್ಯರ್ಥವೆನ್ನಲಾರೆ. ಸುಡದ ಹೊಲದ ಕುಳೆ ಬೆಳೆಯನ್ನು ಕಣ್ಣಾರೆ ಕಂಡ ಮೇಲೆಯೇ ನೆರೆಯವರು ವಿಚಾರಿಸಲು ಬರುವುದು.

ಆದರೂ ಒಬ್ಬನ ಜತನಕ್ಕೆ ಮಿತಿಯಿದೆ. 2019ರ ಆಗಸ್ಟಿನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕ ಪೇಟೆಗೆ ನುಗ್ಗಿತು. ಆ ನೀರು ಯಾರು ಸುಟ್ಟವರು, ಯಾರು ಸುಡದವರು ಎಂದು ಮನೆ ಆರಿಸಲಿಲ್ಲ. ಅಂಥ ನೀರಿನೆದುರು ಒಬ್ಬೊಬ್ಬರ ಒಳ್ಳೆಯತನ ಸಾಲದು.

ಕೂಡಿ ಮಾಡುವುದು ಈ ನೆಲಕ್ಕೆ ಹೊಸದಲ್ಲ. ನೆರೆಯ ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಕರೆಂಟು ಹಂಚುವಂಥ ದೊಡ್ಡ ಕೆಲಸವನ್ನು ಸದಸ್ಯರ ಸಂಘವೊಂದು ಹೊತ್ತುಕೊಂಡಿತು. ರವದಿಗೂ ಅದೇ ದಾರಿ ಹಿಡಿಯಬಹುದು. ಅದನ್ನು ಸುಡದೆ ಪುಡಿಮಾಡುವ ಯಂತ್ರ ಎರಡೆಕರೆಯವರ ಕೈಗೆಟುಕದು. ಊರಿನ ಸೊಸೈಟಿ ಒಂದನ್ನು ಕೊಂಡು ಬಾಡಿಗೆಗೆ ಕೊಟ್ಟರೆ, ಸಕ್ಕರೆ ಕಾರ್ಖಾನೆಗಳೂ ಕೈಜೋಡಿಸಿದರೆ, ಸರದಿಯಂತೆ ಅದು ಎಲ್ಲರ ಹೊಲಕ್ಕೂ ಬಂದೀತು.